ಪೂರ್ವಾಪರ

ನೌಕರಿಗೆ ಬಂದವನ ಹಿಂದಿನ ನಡತೆಯನ್ನು ವಿಚಾರಿಸುವ ಕ್ರಮವನ್ನು ಕಚೇರಿಗಳ ಕನ್ನಡದಲ್ಲಿ ‘ಪೂರ್ವಾಪರ ಪರಿಶೀಲನೆ’ ಎನ್ನುತ್ತಾರೆ. ಪೂರ್ವವೆಂದರೆ ಹಿಂದಿನದು, ಅಪರವೆಂದರೆ ಅನಂತರದ್ದು. ಹೆಸರಿನಲ್ಲಿ ಎರಡೂ ಇವೆ. ಆಚರಣೆಯಲ್ಲಿ ಉಳಿದಿರುವುದು ಮೊದಲನೆಯದೊಂದೇ. ಒಬ್ಬ ಮನುಷ್ಯ ಒಂದು ದಿನ ಮಾಡಿದ್ದನ್ನು, ಅಥವಾ ಮಾಡಿದನೆಂದು ಯಾರೋ ಬರೆಸಿದ್ದನ್ನು ನೋಡುತ್ತೇವೆ. ಅದಾದ ಮೇಲೆ ಅವನು ಬಾಳಿದ ಹತ್ತು ವರ್ಷಗಳನ್ನು ನೋಡುವ ಕಾಲಂ ಯಾವ ನಮೂನೆಯಲ್ಲೂ ಇಲ್ಲ. ಇದು ನ್ಯಾಯವೇ ಎಂಬ ಪ್ರಶ್ನೆಯನ್ನು ಕಣೇಕಲ್ಲು ಸೀಮೆಯ ನಾವು ಕೇಳಿಕೊಳ್ಳಬೇಕಾಗಿದೆ. ನಮ್ಮ ಮನೆಗಳ ಹುಡುಗರು ಬಳ್ಳಾರಿ, ಬೆಂಗಳೂರುಗಳಿಗೆ ಕೆಲಸ ಹುಡುಕಿಕೊಂಡು ಹೋಗುವಾಗ ಮೊದಲು ಎದುರಾಗುವ ಬಾಗಿಲೇ ಇದು.

ಗಡಿನಾಡಿನವರಿಗೆ ಈ ಬಾಗಿಲು ಇನ್ನಷ್ಟು ಇಕ್ಕಟ್ಟು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಹತ್ತು ತಾಲ್ಲೂಕುಗಳಲ್ಲಿ ಏಳು ಮೈಸೂರಿಗೆ ಸೇರಿದವು. ಆದೋನಿ, ಆಲೂರು, ರಾಯದುರ್ಗ ಆಂಧ್ರದಲ್ಲಿ ಉಳಿದವು. ಅಂದಿನಿಂದ ನಮ್ಮ ನೆಂಟಸ್ತಿಕೆ, ವ್ಯಾಪಾರ, ಆಸ್ಪತ್ರೆಗಳೆಲ್ಲ ಬಳ್ಳಾರಿಯ ಕಡೆಗಾದರೆ ದಾಖಲೆಗಳು ಅನಂತಪುರದ ಕಡೆಗೆ. ತೆಲುಗಿನ ಪದ್ಧತಿಯಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಕನ್ನಡಿಗರಲ್ಲಿ ಬಹುಮಂದಿಗೆ ಊರಿನ ಮತ್ತು ತಂದೆಯ ಹೆಸರುಗಳ ಮೊದಲಕ್ಷರವೇ ಗತಿ. ಒಬ್ಬನೇ ಹುಡುಗ ಶಾಲೆಯ ಪತ್ರದಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು, ಬಳ್ಳಾರಿಯ ಪದವಿ ಪತ್ರದಲ್ಲಿ ಮತ್ತೊಂದು ಹೆಸರಿನವನಾಗುತ್ತಾನೆ. ಖಾಸಗಿ ಕಂಪನಿಗಳ ಪರವಾಗಿ ನಡತೆ ಪರೀಕ್ಷಿಸುವವರು ನ್ಯಾಯಾಲಯಗಳ ಗಣಕ ದಾಖಲೆಗಳಲ್ಲಿ ಹುಡುಕುವುದು ಹೆಸರನ್ನು, ತಂದೆಯ ಹೆಸರನ್ನು. ಹನುಮಂತಪ್ಪನ ಮಗ ನಾಗರಾಜ ಎಂಬವರು ನಮ್ಮ ಒಂದೊಂದು ಹಳ್ಳಿಯಲ್ಲೂ ಎಷ್ಟು ಮಂದಿ ಇದ್ದಾರೆಂದು ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತವರಿಗೆ ಹೇಗೆ ತಿಳಿಯಬೇಕು?

ದಾಖಲೆ ಎನ್ನುತ್ತೇವಲ್ಲ, ಅದರ ಹುಟ್ಟನ್ನೂ ಸ್ವಲ್ಪ ನೋಡಬೇಕು. ಕಾಲುವೆಯ ನೀರಿನ ಸರದಿಗೋ ಹೊಲದ ಬದುವಿಗೋ ಎರಡು ಮನೆಗಳ ನಡುವೆ ಜಗಳವಾಗುತ್ತದೆ. ದೂರು ಕೊಡುವವರು ಹೊಡೆದವನ ಹೆಸರಿನ ಜೊತೆಗೆ ಅಣ್ಣತಮ್ಮಂದಿರ, ಅಳಿಯಂದಿರ ಹೆಸರುಗಳನ್ನೂ ಬರೆಸುತ್ತಾರೆ. ಓದುವ ಹುಡುಗನ ಹೆಸರನ್ನು ಬೇಕೆಂದೇ ಸೇರಿಸುವುದೂ ಉಂಟು. ನೌಕರಿ ತಪ್ಪಿದರೆ ಆ ಮನೆ ಮೆತ್ತಗಾಗುತ್ತದೆಂಬ ಲೆಕ್ಕಾಚಾರ. ಚುನಾವಣೆ ಬಂದರೆ ಎರಡೂ ಪಾರ್ಟಿಯವರನ್ನು ಕರೆದು ಬೈಂಡೋವರ್ ಮಾಡಿಸುವ ರೂಢಿಯಿದೆ. ಸುಪ್ರೀಂ ಕೋರ್ಟು 2016ರ ಸೆಪ್ಟೆಂಬರಿನಲ್ಲಿ ಪ್ರಥಮ ವರ್ತಮಾನ ವರದಿಗಳನ್ನು ಸಾಮಾನ್ಯವಾಗಿ 24 ಗಂಟೆಗಳೊಳಗೆ ಅಂತರ್ಜಾಲದಲ್ಲಿ ಹಾಕಬೇಕೆಂದು ಆದೇಶಿಸಿತು. ಆರೋಪಿಗೆ ತನ್ನ ಮೇಲಿನ ದೂರು ತಿಳಿಯಲೆಂಬ ಒಳ್ಳೆಯ ಉದ್ದೇಶ ಅದರದು. ಆದರೆ ಹಾಗೆ ಏರಿದ ಹೆಸರು, ರಾಜಿಯಾದ ಮೇಲೆ, ಖುಲಾಸೆಯಾದ ಮೇಲೆ ಎಲ್ಲ ಕಡೆಯೂ ಇಳಿಯುವುದಿಲ್ಲ. ನಮ್ಮ ದೇಶದ ಸೆರೆಮನೆಗಳಲ್ಲಿರುವವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಇನ್ನೂ ವಿಚಾರಣೆ ಮುಗಿಯದವರು ಎಂಬುದನ್ನು ನೆನೆದರೆ, ‘ಜೈಲಿಗೆ ಹೋಗಿ ಬಂದವನು’ ಎಂಬ ಮಾತಿನ ತೂಕ ಎಷ್ಟೆಂದು ತಿಳಿದೀತು.

ಹುಟ್ಟಿನಿಂದಲೇ ದಾಖಲೆಗೆ ಸೇರಿದವರೂ ಇದೇ ನೆಲದಲ್ಲಿ ಬಾಳಿದ್ದಾರೆ. 1871ರಲ್ಲಿ ಉತ್ತರದಲ್ಲಿ ಜಾರಿಗೆ ಬಂದ ಅಪರಾಧಿ ಬುಡಕಟ್ಟುಗಳ ಕಾಯಿದೆ 1911ರ ಹೊಸ ರೂಪದಲ್ಲಿ ಮದ್ರಾಸ್ ಪ್ರಾಂತಕ್ಕೂ ಬಂತು. ಆಗ ರಾಯದುರ್ಗ ಆ ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಕತ್ತೆ ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಊರೂರು ತಿರುಗುತ್ತಿದ್ದ, ಬುಟ್ಟಿ ಹೆಣೆಯುತ್ತಿದ್ದ, ಕಣಿ ಹೇಳುತ್ತಿದ್ದ ಕೊರಚರ ಬದುಕನ್ನು ರೈಲೂ ಸರ್ಕಾರದ ಉಪ್ಪಿನ ನೀತಿಯೂ ಮುರಿದವು. ಮುರಿದ ಮೇಲೆ ಅದೇ ಸರ್ಕಾರ ಅವರನ್ನು ಅಪರಾಧಿ ಪಟ್ಟಿಗೆ ಸೇರಿಸಿತು. ಬೆರಳಚ್ಚು, ಹಾಜರಿ, ಊರು ಬಿಡಲು ಪರವಾನಗಿ! 1913ರಲ್ಲಿ ಗುಂಟೂರು ಜಿಲ್ಲೆಯ ಸ್ಟೂವರ್ಟ್‌ಪುರಂನಲ್ಲಿ ಸಾಲ್ವೇಶನ್ ಆರ್ಮಿಯ ಕೈಗೆ ಒಪ್ಪಿಸಿ ನಡೆಸಿದ ವಸಾಹತಿನ ಹೆಸರು ಇಂದಿಗೂ ತೆಲುಗು ಚಲನಚಿತ್ರಗಳಲ್ಲಿ ಕಳ್ಳರ ಊರೆಂದೇ ಬರುತ್ತದೆ. ಮದ್ರಾಸ್ ಪ್ರಾಂತ 1947ರಲ್ಲಿ, ಭಾರತ ಸರ್ಕಾರ 1952ರಲ್ಲಿ ಆ ಕಾಯಿದೆಯನ್ನು ರದ್ದುಮಾಡಿದವು. ರೂಢಿಗತ ಅಪರಾಧಿಗಳ ಕಾಯಿದೆಗಳು ಅದರ ಜಾಗಕ್ಕೆ ಬಂದವು. ಇದೇ ಜನ ಗಡಿಯ ಆ ಕಡೆ ಕೊರಚ, ಕೊರಮ ಎಂಬ ಹೆಸರಿನ ಪರಿಶಿಷ್ಟ ಜಾತಿ. ಈ ಕಡೆ ಎರುಕಲ ಎಂಬ ಪರಿಶಿಷ್ಟ ಪಂಗಡ. ಎರಡು ರಾಜ್ಯಗಳ ಪಟ್ಟಿಗಳು ಒಪ್ಪುವುದಿಲ್ಲ, ಸಂಶಯ ಮಾತ್ರ ಎರಡೂ ಕಡೆ ಒಂದೇ. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ಸೆರೆಮನೆಗಳ ಜಾತಿಭೇದದ ನಿಯಮಗಳನ್ನು ಅಸಿಂಧುಗೊಳಿಸಿದಾಗ ಈ ವಿಮುಕ್ತ ಬುಡಕಟ್ಟುಗಳ ಮಾತೂ ಅಲ್ಲಿ ಬಂತು. ಕಾಯಿದೆ ಹೋಗಿ ಎಪ್ಪತ್ತು ವರ್ಷಗಳಾದ ಮೇಲೂ ಆ ಮಾತನ್ನು ಆಡಬೇಕಾಯಿತು.

ಹಾಗೆಂದು ಕೆಲಸ ಕೊಡುವವನ ಅಂಜಿಕೆಯನ್ನು ನಾವು ಹಗುರವಾಗಿ ಕಾಣಲಾರೆವು. ಮಕ್ಕಳನ್ನು ಕರೆದೊಯ್ಯುವ ಶಾಲಾ ಬಸ್ಸಿಗೆ, ಒಂಟಿ ವೃದ್ಧೆಯ ಮನೆಗೆ, ಬ್ಯಾಂಕಿನ ನಗದು ಸಾಗಿಸುವ ಗಾಡಿಗೆ ಯಾರನ್ನು ಕಳಿಸುತ್ತೇವೆಂದು ವಿಚಾರಿಸದಿರುವುದು ಔದಾರ್ಯವಲ್ಲ, ಬೇಜವಾಬ್ದಾರಿ. ಮಕ್ಕಳ ಮೇಲೆ ಕೈಮಾಡಿ ಶಿಕ್ಷೆಗೊಳಗಾದವನನ್ನು ಶಾಲೆಯ ಅಂಗಳಕ್ಕೆ ಬಿಡಬಾರದೆಂಬುದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಖಾಸಗಿ ಭದ್ರತಾ ಸಂಸ್ಥೆಗಳ 2005ರ ಕಾಯಿದೆಯನ್ನು ನೋಡಿ: ನ್ಯಾಯಾಲಯದಿಂದ ಶಿಕ್ಷೆಗೊಳಗಾದ ವ್ಯಕ್ತಿಯನ್ನು ಕಾವಲುಗಾರನಾಗಿ ನೇಮಿಸುವಂತಿಲ್ಲ ಎನ್ನುತ್ತದೆ. ಯಾವ ತಪ್ಪಿಗೆ, ಎಷ್ಟು ವರ್ಷಗಳ ಹಿಂದೆ ಎಂದು ಅದು ಕೇಳುವುದಿಲ್ಲ. ಓದು ಅರ್ಧಕ್ಕೆ ನಿಂತ ನಮ್ಮ ಹುಡುಗರಿಗೆ ಬೆಂಗಳೂರಿನಲ್ಲಿ ಮೊದಲು ದೊರೆಯಬಹುದಾದ ಕೆಲಸ ಅದೇ.

ನ್ಯಾಯಾಲಯಗಳು ಈ ಗಂಟನ್ನು ಬಿಡಿಸಲು ಹೆಣಗಿವೆ. 2011ರಲ್ಲಿ ದಿಲ್ಲಿ ಪೊಲೀಸ್ ಹುದ್ದೆಯ ಪ್ರಕರಣವೊಂದರಲ್ಲಿ, ರಾಜಿಯಾಗಿ ಮುಗಿದ ಹಳೆಯ ಹೊಡೆದಾಟವನ್ನು ಅರ್ಜಿಯಲ್ಲಿ ಮರೆಮಾಚಿದ ಯುವಕನನ್ನು ಸುಪ್ರೀಂ ಕೋರ್ಟು ಕ್ಷಮಿಸಿತು. ತೀರ್ಪಿನಲ್ಲಿ ವಿಕ್ಟರ್ ಹ್ಯೂಗೋನ ಜೀನ್ ವಾಲ್‌ಜೀನ್ ನೆನಪಾದ. ಬ್ರೆಡ್ಡು ಕದ್ದು ಸೆರೆಗೆ ಹೋದ ಆತ ಬಿಡುಗಡೆಯಾದ ಮೇಲೆ ಹೋದಲ್ಲೆಲ್ಲ ಹಳದಿ ರಹದಾರಿಯನ್ನು ತೋರಿಸಬೇಕಿತ್ತು. ತೋರಿಸಿದೊಡನೆ ಬಾಗಿಲು ಮುಚ್ಚುತ್ತಿತ್ತು. 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಇನ್ನೂ ಎಚ್ಚರದಿಂದ ನಡೆಯಿತು. ಚಿಕ್ಕ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಅಲ್ಪ ಅಪರಾಧವನ್ನು ಮುಚ್ಚಿಟ್ಟಿದ್ದರೆ ಮನ್ನಿಸಬಹುದು. ಆದರೆ ನಿಜ ಹೇಳಿದ ಮಾತ್ರಕ್ಕೆ ಕೆಲಸ ಕೊಡಲೇಬೇಕೆಂಬ ಕಟ್ಟುಪಾಡಿಲ್ಲ ಎಂದಿತು. ನೈತಿಕವಾಗಿ ನಮ್ಮನ್ನು ಕಾಡುವುದು ಈ ಎರಡನೆಯ ಮಾತು. ಹೇಳದಿದ್ದರೆ ಸುಳ್ಳುಗಾರ, ಹೇಳಿದರೆ ಅಪರಾಧಿ. ಸತ್ಯಕ್ಕೆ ಇಷ್ಟು ಬೆಲೆ ಕಟ್ಟಿಸಿಕೊಂಡು, ಸುಳ್ಳು ಹೇಳಿದನೆಂದು ಸಿಟ್ಟಾಗುವ ಹಕ್ಕು ಕೇಳುವವನಿಗೆ ಎಷ್ಟಿದೆ? ಮಕ್ಕಳ ವಿಷಯದಲ್ಲಿ ನಮ್ಮ ಶಾಸನ ಇದಕ್ಕಿಂತ ಉದಾರವಾಗಿದೆ. 2015ರ ಬಾಲನ್ಯಾಯ ಕಾಯಿದೆಯ 24ನೆಯ ಕಲಂ ಬಾಲಾಪರಾಧದಿಂದ ಮುಂದೆ ಯಾವ ಅನರ್ಹತೆಯೂ ತಟ್ಟಬಾರದೆನ್ನುತ್ತದೆ. ವಯಸ್ಕರಂತೆ ವಿಚಾರಣೆಗೊಳಗಾದ ಹದಿನಾರು ದಾಟಿದವರಷ್ಟೇ ಇದಕ್ಕೆ ಹೊರತು. ಇಂಗ್ಲೆಂಡಿನಲ್ಲಿ 1974ರಿಂದ ವಯಸ್ಕರಿಗೂ ಇಂಥ ಏರ್ಪಾಡಿದೆ. ಕೆಲವು ವರ್ಷ ಸರಿಯಾಗಿ ನಡೆದುಕೊಂಡರೆ ಹಳೆಯ ಶಿಕ್ಷೆ ‘ತೀರಿತು’. ಮಕ್ಕಳ ನಡುವಿನ ಕೆಲಸದಂಥವನ್ನು ಬಿಟ್ಟರೆ ಅದನ್ನು ಹೇಳಬೇಕಾಗಿಲ್ಲ.

ಹಿಂದೆ ನಮ್ಮ ಅಂಗಡಿಗಳಲ್ಲಿ ಆಳನ್ನು ಇಟ್ಟುಕೊಳ್ಳುವಾಗ ಕಾಗದ ಕೇಳುತ್ತಿರಲಿಲ್ಲ. ‘ಯಾರ ಕಡೆಯವನು?’ ಎಂದು ಕೇಳುತ್ತಿದ್ದರು. ಒಬ್ಬ ಹಿರಿಯ ‘ನಾನಿದ್ದೀನಿ, ಇಟ್ಟುಕೊಳ್ಳಪ್ಪ’ ಎಂದರೆ ಮುಗಿಯಿತು. ಈ ಪದ್ಧತಿಯನ್ನು ಹೊಗಳುವವರು ನಮ್ಮಲ್ಲಿ ಬಹಳ. ನಮಗೆ ಅಷ್ಟು ಉತ್ಸಾಹವಿಲ್ಲ. ಜಾಮೀನು ನಿಲ್ಲುವ ಹಿರಿಯರು ಯಾರ ಕೇರಿಯಲ್ಲಿದ್ದರು, ಯಾರ ಕೇರಿಯಲ್ಲಿರಲಿಲ್ಲ ಎಂದು ಕೇಳಿದರೆ ಹೊಗಳಿಕೆ ನಿಲ್ಲುತ್ತದೆ. ಊರಿನ ನೆನಪು ಗಣಕದ ನೆನಪಿಗಿಂತ ಕ್ರೂರ. ತಾತ ಕದ್ದದ್ದನ್ನು ಮೊಮ್ಮಗನ ಹೆಸರಿಗೆ ಅಂಟಿಸುತ್ತದೆ. ಆದರೂ ಆ ಪದ್ಧತಿಯಲ್ಲಿ ಒಂದು ಗುಣವಿತ್ತು: ಮಾತು ಕೊಟ್ಟವನು ತಾನೂ ಹೊಣೆಗೆ ಒಳಗಾಗುತ್ತಿದ್ದ. ಇಂದಿನ ಪರಿಶೀಲನೆಯಲ್ಲಿ ತಪ್ಪು ವರದಿ ಕೊಟ್ಟು ಒಬ್ಬನ ಅನ್ನ ಕಳೆದವರು ಆ ಮನೆಗೆ ಉತ್ತರ ಹೇಳುವುದು ಅಪರೂಪ.

ಹನ್ನೆರಡನೆಯ ಶತಮಾನದ ಶರಣರಲ್ಲಿ ಕನ್ನದ ಮಾರಿತಂದೆ ಎಂಬ ವಚನಕಾರನಿದ್ದಾನೆ. ಕನ್ನಡವೆಂದು ಓದಿಕೊಳ್ಳಬಾರದು, ಗೋಡೆಗೆ ಕೊರೆಯುವ ಕನ್ನ. ಕಳವೇ ಆತನ ಕಾಯಕವಾಗಿತ್ತೆಂದು ಹೇಳುತ್ತಾರೆ. ನಮ್ಮ ಗಮನ ಸೆಳೆಯುವುದು ಆ ಹೆಸರು. ಆತನನ್ನು ಒಳಗೆ ಕರೆದುಕೊಂಡವರು ಹಳೆಯದನ್ನು ಅಳಿಸಲಿಲ್ಲ, ಆತನೂ ಅಡಗಿಸಲಿಲ್ಲ. ಕನ್ನ ಹೆಸರಿನಲ್ಲೇ ಉಳಿಯಿತು, ಅದರ ಪಕ್ಕದಲ್ಲಿ ತಂದೆ ಎಂಬ ಗೌರವವೂ ಸೇರಿತು. ತೆಲಂಗಾಣದ ಕಾರಾಗೃಹ ಇಲಾಖೆ ನಡೆಸುವ ಪೆಟ್ರೋಲ್ ಬಂಕುಗಳಲ್ಲಿ ಕೈದಿಗಳೂ ಬಿಡುಗಡೆಯಾದವರೂ ಗ್ರಾಹಕರ ಹಣವನ್ನು ಕೈಯಲ್ಲಿ ಹಿಡಿದು ಎಣಿಸುತ್ತಾರೆ. ಅವರು ಯಾರೆಂದು ತಿಳಿದೂ ಜನ ಅಲ್ಲಿ ಗಾಡಿ ನಿಲ್ಲಿಸುತ್ತಾರೆ.

ನಮ್ಮಂಥ ಸಂಘಗಳಿಗೂ ಗುಣನಡತೆಯ ಪತ್ರ ಕೇಳಿಕೊಂಡು ಯುವಕರು ಬರುತ್ತಾರೆ. ‘ಈತನ ನಡತೆ ಉತ್ತಮವಾಗಿದೆ’ ಎಂಬ ಒಂದು ಸಾಲು ಬರೆದು ಮೊಹರು ಒತ್ತುವುದು ರೂಢಿ. ಆ ಸಾಲನ್ನು ಯಾರೂ ನಂಬುವುದಿಲ್ಲ, ಏಕೆಂದರೆ ಎಲ್ಲರಿಗೂ ಅದನ್ನೇ ಬರೆಯುತ್ತೇವೆ. ಅದರ ಬದಲು, ಹುಡುಗನ ಒಪ್ಪಿಗೆ ಪಡೆದು, ಇಂಥ ವರ್ಷ ಇಂಥ ಜಗಳದಲ್ಲಿ ಇವನ ಹೆಸರು ಬಂತು, ಪ್ರಕರಣ ಹೀಗೆ ಮುಗಿಯಿತು, ಆಮೇಲೆ ಇವನು ಇಷ್ಟು ವರ್ಷ ಇಂಥಲ್ಲಿ ದುಡಿದ, ಅದನ್ನು ನಾವು ಕಣ್ಣಾರೆ ಕಂಡಿದ್ದೇವೆ ಎಂದು ಅರ್ಧ ಪುಟ ಬರೆದು, ಕೆಳಗೆ ನಮ್ಮ ಹೆಸರು, ಫೋನ್ ನಂಬರು ಹಾಕೋಣ. ಫೋನು ಬಂದರೆ ಮಾತಾಡೋಣ. ಹುಡುಗ ಆ ಕೆಲಸದಲ್ಲಿ ತಪ್ಪಿದರೆ ನಮ್ಮ ಮುಂದಿನ ಪತ್ರಗಳಿಗೆ ಬೆಲೆ ಕಡಿಮೆಯಾಗುವುದು ಖಂಡಿತ, ಮತ್ತು ಆ ನಷ್ಟವನ್ನು ಅನುಭವಿಸುವವರು ನಮ್ಮಲ್ಲಿಗೆ ಮುಂದೆ ಬರುವ ಹುಡುಗರು.