ಎಂಟನೆಯ ಅಂಕಿ

ಅಮೆರಿಕದ ಮಿಷಿಗನ್ ರಾಜ್ಯದ ಫ್ಲಿಂಟ್ ನಗರ 2014ರ ಏಪ್ರಿಲ್‌ನಲ್ಲಿ ಖರ್ಚು ಉಳಿಸಲೆಂದು ಡೆಟ್ರಾಯಿಟ್ ನೀರನ್ನು ಬಿಟ್ಟು ತನ್ನೂರ ನದಿಯ ನೀರನ್ನು ನಲ್ಲಿಗೆ ಹರಿಸಿತು. ಕೊಳವೆ ಸವೆಯದಂತೆ ಕಾಪಾಡುವ ರಾಸಾಯನಿಕವನ್ನು ಬೆರೆಸಲಿಲ್ಲ. ಹಳೆಯ ಕೊಳವೆಗಳ ಸೀಸ ಕರಗಿ ಮಕ್ಕಳ ರಕ್ತ ಸೇರಿತು. ಇಷ್ಟು ಬಹಳ ಜನರಿಗೆ ಗೊತ್ತು. ಅಪಾಯ ಅಳೆಯುವುದನ್ನೇ ವೃತ್ತಿ ಮಾಡಿಕೊಂಡವರು ಮಾತ್ರ ಮರುವರ್ಷದ ಒಂದು ಪರೀಕ್ಷಾ ವರದಿಯನ್ನು ಕೂತು ಓದಬೇಕು.

ಆ ವರದಿಗಾಗಿ 71 ಕಡೆಯ ನಲ್ಲಿ ನೀರನ್ನು ಸಂಗ್ರಹಿಸಿದ್ದರು. ಹೆಚ್ಚು ಸೀಸವಿದ್ದದ್ದರಿಂದ ಕಡಿಮೆಯತ್ತ ಸಾಲಾಗಿ ಬರೆದರೆ, ನಿಯಮದ ಪ್ರಕಾರ ಮೇಲಿನಿಂದ ಎಂಟನೆಯ ಅಂಕಿಯೇ ನಿರ್ಣಾಯಕ. ಅದು ಲೀಟರಿಗೆ 15 ಮೈಕ್ರೋಗ್ರಾಂ ದಾಟಿದರೆ ಜನರಿಗೆ ತಿಳಿಸಿ ಕ್ರಮ ಕೈಗೊಳ್ಳಬೇಕಿತ್ತು. ಎಂಟನೆಯ ಅಂಕಿ 18 ಇತ್ತು. ಆಗ ರಾಜ್ಯದ ಪರಿಸರ ಇಲಾಖೆ ಎರಡು ಮಾದರಿಗಳನ್ನು ಕೈಬಿಡಿಸಿತು: ಒಂದು ವಾಸದ ಮನೆಯದಲ್ಲ, ಇನ್ನೊಂದು ಮನೆಯಲ್ಲಿ ಫಿಲ್ಟರ್ ಇತ್ತು ಎಂಬ ಕಾರಣಕ್ಕೆ. ಉಳಿದ 69ರಲ್ಲಿ ಎಂಟನೆಯದು 11. ನಗರ ಪಾಸಾಯಿತು.

ಒಂದು ಅಂಕಿಯನ್ನೂ ತಿದ್ದಿರಲಿಲ್ಲ. ಕೈಬಿಡಲು ನಿಯಮದ ಆಧಾರವೂ ಇತ್ತು. ಆದರೆ ಫಿಲ್ಟರ್ ಇದ್ದ ಆ ಮನೆಯ ನೀರಿನಲ್ಲಿ ಸಿಕ್ಕ ಸೀಸ 104 ಮೈಕ್ರೋಗ್ರಾಂ. ಸೋಸಿದ ನೀರೇ ಹೀಗಿದ್ದರೆ ಸೋಸದ ನೀರು ಹೇಗಿದ್ದೀತು ಎಂದು ಕೇಳಬೇಕಾಗಿತ್ತು. ಅದಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ. ಸೀಸದ ಕೊಳವೆಯಂಥ ಅಪಾಯ ಹೆಚ್ಚಿರುವ ಮನೆಗಳಿಂದ ನೀರು ತೆಗೆಯಬೇಕೆಂದು ನಿಯಮ ಹೇಳುತ್ತದೆ. ಆದರೆ ಯಾವ ಮನೆಗೆ ಯಾವ ಕೊಳವೆ ಎಂಬ ದಾಖಲೆಯೇ ನಗರದಲ್ಲಿ ಸರಿಯಾಗಿರಲಿಲ್ಲ. ಹೆಚ್ಚು ಸೀಸ ತೋರಿಸಿದ ಮಾದರಿಗೆ ನಿಯಮದ ಪೂರ್ತಿ ಬಿಗಿ, ಕಡಿಮೆ ತೋರಿಸಿದ್ದಕ್ಕೆ ಪೂರ್ತಿ ವಿನಾಯಿತಿ. ವೃತ್ತಿಧರ್ಮ ಮುರಿದುಬಿದ್ದದ್ದು ಇಲ್ಲಿ. ಪ್ರತಿ ಲೆಕ್ಕವೂ ಸರಿಯಿದ್ದು ವರದಿ ಮಾತ್ರ ಸುಳ್ಳಾಗುವುದು ಸಾಧ್ಯ.

2015ರ ಸೆಪ್ಟೆಂಬರ್‌ನಲ್ಲಿ ಮಕ್ಕಳ ವೈದ್ಯೆ ಮೋನಾ ಹನ್ನಾ-ಅತೀಶಾ ಮಕ್ಕಳ ರಕ್ತ ಪರೀಕ್ಷೆಯ ಅಂಕಿಗಳನ್ನು ಬಹಿರಂಗಪಡಿಸಿದರು. ಅಧಿಕಾರಿಗಳು ಮೊದಲು ಅಲ್ಲಗಳೆದರು, ಆಮೇಲೆ ಒಪ್ಪಿದರು. ಅಕ್ಟೋಬರ್‌ನಲ್ಲಿ ಡೆಟ್ರಾಯಿಟ್ ನೀರು ಮರಳಿತು.

ಫ್ಲಿಂಟ್‌ನಲ್ಲಿ ಸತ್ಯ ಕೈಗೆಟುಕುವಷ್ಟು ಹತ್ತಿರವಿತ್ತು. ಎಲ್ಲ ಕಡೆ ಹಾಗಿರುವುದಿಲ್ಲ. ಕಾಸರಗೋಡಿನ ಪಡ್ರೆಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ವರ್ಷಗಟ್ಟಲೆ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. ಊರಿನ ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್ ತಮ್ಮಲ್ಲಿಗೆ ಬರುತ್ತಿದ್ದ ವಿಚಿತ್ರ ಕಾಯಿಲೆಗಳ ಬಗ್ಗೆ ದನಿಯೆತ್ತಿದರು, ಪತ್ರಕರ್ತ ಶ್ರೀಪಡ್ರೆ ಬರೆದರು. ಬಂದ ಉತ್ತರ ಮತ್ತೆ ಮತ್ತೆ ಒಂದೇ: ಸಾಬೀತಾಗಿಲ್ಲ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಪಡ್ರೆಯ 117 ಹುಡುಗರನ್ನು ಬೇರೆ ಊರಿನ 90 ಹುಡುಗರೊಂದಿಗೆ ಹೋಲಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಡ್ರೆಯ ಶೇ 78ರಷ್ಟು ಹುಡುಗರ ರಕ್ತದಲ್ಲಿ ಈ ಕೀಟನಾಶಕ ಸಿಕ್ಕಿತು. ಹೋಲಿಕೆಯ ಊರಿನಲ್ಲಿ ಶೇ 29. ಅಧ್ಯಯನದ ವಿಧಾನಕ್ಕೆ ಆಕ್ಷೇಪಗಳು ಬಂದವು. ಬರಲೇಬೇಕು, ಅದು ವಿಜ್ಞಾನದ ರೀತಿ.

ಆದರೆ ‘ಸಾಬೀತಾಗಿಲ್ಲ’ ಎಂದವರೂ ಒಂದು ತೀರ್ಮಾನ ಕೊಟ್ಟಂತೆಯೇ. ತಪ್ಪು ಎರಡು ಬಗೆಯದಾಗಬಹುದು. ನಿರಪಾಯಕಾರಿ ಕೀಟನಾಶಕವನ್ನು ನಿಲ್ಲಿಸಿದರೆ ಒಂದಷ್ಟು ಗೇರು ಬೆಳೆ ಹೋಗುತ್ತದೆ, ತೋಟಗಳನ್ನು ನಡೆಸುವ ನಿಗಮಕ್ಕೆ ನಷ್ಟ. ಅಪಾಯಕಾರಿಯಾದದ್ದನ್ನು ಮುಂದುವರಿಸಿದರೆ ಅಂಗವಿಕಲ ಮಗುವನ್ನು ತಾಯಿ ಜೀವಮಾನವಿಡೀ ಎತ್ತಿ ಸಾಕಬೇಕು. ಇವೆರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಬೇಕೆಂದು ಯಾವ ಸಂಖ್ಯಾಶಾಸ್ತ್ರವೂ ಹೇಳದು. ಅದು ನೀತಿಯ ಪ್ರಶ್ನೆ. ತಜ್ಞರು ಅದನ್ನು ತಾಂತ್ರಿಕ ಭಾಷೆಯೊಳಗೆ ಬಚ್ಚಿಡದೆ, ಯಾರ ಮೇಲೆ ಯಾವ ಅಪಾಯ ಹೊರಿಸುತ್ತಿದ್ದೇವೆಂದು ವರದಿಯಲ್ಲೇ ಬರೆಯಬೇಕು. ಅನುಮಾನವಿದ್ದರೆ ಅನುಮಾನವನ್ನೂ ಬರೆಯಬೇಕು. ಪಡ್ರೆಯಲ್ಲಿ ಹಾಗೆ ಆಗದೆ ವರ್ಷಗಳು ಕಳೆದವು; ಎಂಡೋಸಲ್ಫಾನಿನ ಮೇಲೆ ಸುಪ್ರೀಂ ಕೋರ್ಟಿನ ತಡೆ ಬಂದದ್ದು 2011ರ ಮೇ ತಿಂಗಳಲ್ಲಿ.

ಇದನ್ನೆಲ್ಲ ವ್ಯಕ್ತಿಗಳ ಪ್ರಾಮಾಣಿಕತೆಯೊಂದಕ್ಕೇ ಬಿಡಲಾಗದು. ಭಾರತದಲ್ಲಿ ಯೋಜನೆಯೊಂದರ ಪರಿಸರ ಪರಿಣಾಮ ವರದಿ ಬರೆಯುವ ಸಲಹಾ ಸಂಸ್ಥೆಯನ್ನು ನೇಮಿಸಿ ಹಣ ಕೊಡುವುದು ಆ ಯೋಜನೆಯ ಮಾಲೀಕರೇ. ಈ ಪದ್ಧತಿ ಮೊದಲು ಹೋಗಬೇಕು. ಅದು ಹೋಗುವವರೆಗೆ, ತಮ್ಮೂರಿಗೆ ಬರುವ ಯೋಜನೆಯ ಅಹವಾಲು ಸಭೆಯಲ್ಲಿ ಕೂತವರು ಎದ್ದು ನಿಂತು ಕೇಳಲಿ: ಎಷ್ಟು ಮಾದರಿ ತೆಗೆದಿರಿ, ಎಷ್ಟನ್ನು ಬಿಟ್ಟಿರಿ, ಏಕೆ ಬಿಟ್ಟಿರಿ?