ಪರರ ಕೃತಿಯೂ ಸ್ವಂತ ಪ್ರತಿಭೆಯೂ

ಪ್ರತಿಭೆಯು ಕಲಾವಿದನ ಒಳಗೇ ಇರುವ ಶಕ್ತಿಯಾಗಿದ್ದರೆ, ಅದು ಎಚ್ಚರಗೊಳ್ಳಲು ಇನ್ನೊಬ್ಬರ ಚಿತ್ರವೋ ಛಾಯಾಚಿತ್ರವೋ ಒಡನಾಟವೋ ಏಕೆ ಬೇಕಾಗುತ್ತದೆ ಎಂಬ ಪ್ರಶ್ನೆ ಭಾರತೀಯ ಕಾವ್ಯಮೀಮಾಂಸೆಗೆ ಹೊಸದಲ್ಲ. ಅಭಿನವಗುಪ್ತನ ಗುರು ಭಟ್ಟತೌತನು ಪ್ರತಿಭೆಯನ್ನು ಸದಾ ಹೊಸತನ್ನು ಕಾಣಬಲ್ಲ ಪ್ರಜ್ಞೆಯಾಗಿ ನಿರೂಪಿಸಿದರೆ, ಮಮ್ಮಟನು ಶಕ್ತಿ, ನಿಪುಣತೆ, ಅಭ್ಯಾಸ ಈ ಮೂರೂ ಕೂಡಿಯೇ ಕಾವ್ಯಕ್ಕೆ ಕಾರಣವಾಗುತ್ತವೆ ಎಂದನು. ಶಕ್ತಿಯೆಂದರೆ ಹುಟ್ಟಿನಿಂದ ಬಂದ ಪ್ರತಿಭೆ. ನಿಪುಣತೆಯೆಂದರೆ ಲೋಕ, ಶಾಸ್ತ್ರ ಮತ್ತು ಹಿಂದಿನ ಕಾವ್ಯಗಳ ಪರಿಶೀಲನೆಯಿಂದ ದೊರೆಯುವ ತಿಳಿವಳಿಕೆ. ಅಭ್ಯಾಸವೆಂದರೆ ಬಲ್ಲವರ ಬಳಿ ಕಲಿತು ಮಾಡುವ ಸಾಧನೆ. ಇವುಗಳಲ್ಲಿ ಎರಡಕ್ಕೆ ಹೊರಗಿನವರ ನೆರವು ಬೇಕೇ ಬೇಕೆಂಬುದನ್ನು, ಸ್ಫೂರ್ತಿಯನ್ನು ಏಕಾಂತದ ವರವೆಂದು ಬಗೆಯುವವರು ಸಾಮಾನ್ಯವಾಗಿ ಮರೆತುಬಿಡುತ್ತಾರೆ.

ಹೊರಗಿನಿಂದ ಬಂದದ್ದು ಎಲ್ಲಿಯವರೆಗೆ ಅನುಕರಣೆ, ಎಲ್ಲಿಂದ ಮುಂದೆ ಸೃಷ್ಟಿ ಎಂಬುದನ್ನು 9ನೆಯ ಶತಮಾನದ ಕಾಶ್ಮೀರದ ಆನಂದವರ್ಧನನು ‘ಧ್ವನ್ಯಾಲೋಕ’ದ ಕೊನೆಯ ಭಾಗದಲ್ಲಿ ಚರ್ಚಿಸುತ್ತಾನೆ. ಇಬ್ಬರು ಕವಿಗಳ ಕೃತಿಗಳ ನಡುವಣ ಹೋಲಿಕೆಗೆ ಅವನು ‘ಸಂವಾದ’ ಎಂಬ ಹೆಸರು ಕೊಟ್ಟು, ಅದರಲ್ಲಿ ಮೂರು ಬಗೆಗಳನ್ನು ಗುರುತಿಸುತ್ತಾನೆ: ಕನ್ನಡಿಯ ಬಿಂಬದಂತಹ ಹೋಲಿಕೆ, ಬರೆದ ಚಿತ್ರದಂತಹ ಹೋಲಿಕೆ ಮತ್ತು ಒಬ್ಬರಂತೆ ಮತ್ತೊಬ್ಬರು ತೋರುವ ಇಬ್ಬರು ಜೀವಂತ ವ್ಯಕ್ತಿಗಳ ಹೋಲಿಕೆ. ಮೊದಲನೆಯದಕ್ಕೆ ತನ್ನದೆಂಬ ದೇಹವೇ ಇಲ್ಲ, ಎರಡನೆಯದಕ್ಕೆ ದೇಹವಿದ್ದರೂ ಅದು ಹುರುಳಿಲ್ಲದ್ದು, ಇವೆರಡೂ ತ್ಯಾಜ್ಯ. ಮೂರನೆಯದನ್ನು ಮಾತ್ರ ಬಿಡಬೇಕಿಲ್ಲ, ಏಕೆಂದರೆ ಮುಖಚಹರೆ ಹೋಲುತ್ತದೆಂಬ ಕಾರಣಕ್ಕೆ ಇಬ್ಬರನ್ನು ಒಬ್ಬನೇ ಎಂದು ಯಾರೂ ಹೇಳುವುದಿಲ್ಲ. ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರ ವಿಗ್ರಹಗಳಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ಇಬ್ಬರ ಕೆಲಸವೂ ಇದ್ದು, ಒಂದೇ ಮನೆಯ ಕಲಿಕೆ, ಒಂದೇ ಬಗೆಯ ಬಳಪದ ಕಲ್ಲು, ಸೂರಿನ ಕೆಳಗಿನ ಒಂದೇ ಅಳತೆಯ ಜಾಗ ಇಷ್ಟೆಲ್ಲ ಸಮಾನವಾಗಿದ್ದರೂ ತಂದೆ ಮಗ ಇಬ್ಬರೂ ತಮ್ಮ ತಮ್ಮ ಹೆಸರನ್ನು ಬೇರೆಬೇರೆಯಾಗಿ ಕೊರೆದಿರುವುದು ಈ ಮೂರನೆಯ ಬಗೆಗೆ ತಕ್ಕ ನಿದರ್ಶನ. ಚಿತ್ರವನ್ನು ಹುರುಳಿಲ್ಲದ್ದಕ್ಕೆ ಉಪಮಾನವಾಗಿ ಬಳಸಿದ ಆನಂದವರ್ಧನನ ಮಾತನ್ನು ಚಿತ್ರಕಾರರು ಒಪ್ಪಿರಲಾರರು ಎಂಬುದು ಬೇರೆ ಮಾತು.

ಛಾಯಾಚಿತ್ರವು ಈ ವಿಂಗಡಣೆಗೆ ಹೊಸ ತೊಡಕನ್ನು ತರುತ್ತದೆ, ಏಕೆಂದರೆ ಅದು ಹುಟ್ಟಿನಿಂದಲೇ ಬಿಂಬ. ಆನಂದವರ್ಧನನ ಲೆಕ್ಕದಲ್ಲಿ ಅತ್ಯಂತ ಕೆಳಗೆ ಕೂರಬೇಕಾದದ್ದು. ಆದರೆ 1878ರಲ್ಲಿ ಎಡ್ವರ್ಡ್ ಮೈಬ್ರಿಜ್ ಕ್ಯಾಲಿಫೋರ್ನಿಯಾದಲ್ಲಿ ಸಾಲಾಗಿ ಕ್ಯಾಮೆರಾಗಳನ್ನು ಹೂಡಿ, ಓಡುವ ಕುದುರೆಯ ಚಿತ್ರಗಳನ್ನು ಕ್ಷಣ ಕ್ಷಣಕ್ಕೆ ತೆಗೆದಾಗ ಬಯಲಾದದ್ದು ಬಿಂಬಕ್ಕಿಂತ ಹೆಚ್ಚಿನದು. 1821ರಲ್ಲಿ ಎಪ್ಸಮ್ ಪಂದ್ಯದ ಚಿತ್ರ ಬರೆದ ಜೆರಿಕೋ ಮೊದಲಾದವರು ಕುದುರೆಯ ಮುಂಗಾಲುಗಳನ್ನು ಮುಂದಕ್ಕೂ ಹಿಂಗಾಲುಗಳನ್ನು ಹಿಂದಕ್ಕೂ ಚಾಚಿ ಹಾರುವಂತೆ ತೋರಿಸಿದ್ದರು. ವಾಸ್ತವದಲ್ಲಿ ನಾಲ್ಕೂ ಕಾಲುಗಳು ನೆಲ ಬಿಟ್ಟಿರುವ ಕ್ಷಣದಲ್ಲಿ ಅವು ಹೊಟ್ಟೆಯ ಕೆಳಗೆ ಒಟ್ಟಾಗಿ ಮಡಚಿಕೊಂಡಿರುತ್ತವೆ. ಡೆಗಾ ಆ ಛಾಯಾಚಿತ್ರಗಳನ್ನು ಅಭ್ಯಸಿಸಿ ತನ್ನ ಕುದುರೆಗಳ ನಡೆಯನ್ನೇ ತಿದ್ದಿಕೊಂಡನು. ಶಿಲ್ಪಿ ರೋಡಿನ್ ಮಾತ್ರ, ಕಾಲವು ಎಲ್ಲಿಯೂ ನಿಲ್ಲದಿರುವಾಗ ನಿಂತಂತೆ ತೋರಿಸುವ ಕ್ಯಾಮೆರಾವೇ ಸುಳ್ಳಾಡುತ್ತದೆ, ಜೆರಿಕೋನ ಕುದುರೆಯೇ ನಿಜವಾಗಿ ಓಡುತ್ತದೆ ಎಂದು ವಾದಿಸಿದನು. ಇಬ್ಬರಿಗೂ ಛಾಯಾಚಿತ್ರದಿಂದ ಪ್ರೇರಣೆ ದೊರೆಯಿತೆನ್ನಬೇಕು: ಒಬ್ಬನಿಗೆ ಕಣ್ಣು ತಿದ್ದಿಕೊಳ್ಳುವ ಅವಕಾಶವಾಗಿ, ಇನ್ನೊಬ್ಬನಿಗೆ ಚಲನೆಯ ಬಗೆಗಿನ ತನ್ನ ನಿಲುವನ್ನು ಹರಿತಗೊಳಿಸಿದ ಎದುರಾಳಿಯಾಗಿ. ಆದ್ದರಿಂದ ಬಿಂಬವೆಂಬ ದೋಷವನ್ನು ವಸ್ತುವಿನ ಮೇಲೆ ಹೊರಿಸುವುದಕ್ಕಿಂತ, ಅದನ್ನು ತೆಗೆದುಕೊಳ್ಳುವ ರೀತಿಯ ಮೇಲೆ ಹೊರಿಸುವುದು ನ್ಯಾಯ. ಛಾಯಾಚಿತ್ರವನ್ನು ಚೌಕಗಳಾಗಿ ಭಾಗಿಸಿ ಕ್ಯಾನ್ವಾಸಿಗೆ ಇಳಿಸುವವನು ಏನನ್ನೂ ನೋಡಿರುವುದಿಲ್ಲ.

ಒಂದು ಕಲೆಯಿಂದ ಇನ್ನೊಂದಕ್ಕೆ ಪ್ರೇರಣೆ ಹರಿಯುವ ಬಗೆಯನ್ನು ‘ವಿಷ್ಣುಧರ್ಮೋತ್ತರ’ ಪುರಾಣವು ವಜ್ರನೆಂಬ ರಾಜ ಮತ್ತು ಮಾರ್ಕಂಡೇಯ ಋಷಿಯ ಸಂಭಾಷಣೆಯಲ್ಲಿ ನಿರೂಪಿಸುತ್ತದೆ: ಪ್ರತಿಮೆಯನ್ನು ಮಾಡಲು ಚಿತ್ರ ತಿಳಿದಿರಬೇಕು, ಚಿತ್ರಕ್ಕೆ ನೃತ್ಯ, ನೃತ್ಯಕ್ಕೆ ವಾದ್ಯ, ವಾದ್ಯಕ್ಕೆ ಗೀತ. ಓದಿದವರು ಇದನ್ನು ಶಾಸ್ತ್ರದ ಅಲಂಕಾರವೆಂದು ದಾಟಿಬಿಡುವುದುಂಟು. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ, ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತ ಕೆ.ಕೆ. ಹೆಬ್ಬಾರರು ಅದನ್ನು ಅಕ್ಷರಶಃ ನಡೆಸಿ ತೋರಿಸಿದರು. ಯಕ್ಷಗಾನದ ನಾಡಿನಿಂದ ಬಂದ ಅವರು, ಲಯವನ್ನು ಅರಿಯುವ ಸಲುವಾಗಿ ಕಥಕ್ ನೃತ್ಯವನ್ನು ಗುರುಮುಖದಿಂದ ಕಲಿತರು. ಅವರ ನರ್ತಕಿಯರ ರೇಖಾಚಿತ್ರಗಳಲ್ಲಿ ಕಣ್ಣುಮೂಗುಗಳ ವಿವರ ಅತ್ಯಲ್ಪ, ಆಭರಣಗಳ ವಿವರ ಇನ್ನೂ ಅಲ್ಪ. ತೋಳಿನಿಂದ ಸೊಂಟಕ್ಕೆ, ಸೊಂಟದಿಂದ ಹಿಮ್ಮಡಿಗೆ ಎಲ್ಲಿಯೂ ಅನುಮಾನಿಸದೆ ಇಳಿಯುವ ರೇಖೆಯಲ್ಲಿ ದೇಹದ ಭಾರ ಯಾವ ಕಾಲಿನ ಮೇಲಿದೆಯೆಂಬುದು ಮಾತ್ರ ಸ್ಪಷ್ಟ. ಹೆಜ್ಜೆ ಹಾಕಿ ಬಲ್ಲವನಿಗಲ್ಲದೆ ಈ ಆಯ್ಕೆ ಹೊಳೆಯುವುದು ಕಷ್ಟ. ನೃತ್ಯವು ಇಲ್ಲಿ ಚಿತ್ರಕ್ಕೆ ವಸ್ತುವಾಗುವುದಕ್ಕೆ ಮೊದಲೇ ಚಿತ್ರಕಾರನ ಸ್ವಂತ ಸಾಧನೆಯಾಗಿತ್ತು, ಅಂದರೆ ಮಮ್ಮಟನು ಹೇಳಿದ ಅಭ್ಯಾಸದ ದಾರಿಯಲ್ಲಿ ಹಾದು ಬಂದಿತ್ತು; ಪರರ ಕೃತಿಯು ಸ್ವಂತದ್ದಾಗಲು ಇದಕ್ಕಿಂತ ಹತ್ತಿರದ ಹಾದಿ ಇದ್ದಂತಿಲ್ಲ.

ಒಡನಾಡಿ ಕಲಾವಿದರ ಪಾತ್ರವನ್ನು ಕುರಿತು ಹೆಚ್ಚು ಬಿಚ್ಚಿ ಹೇಳಿದವನು 10ನೆಯ ಶತಮಾನದ ಆರಂಭದ ರಾಜಶೇಖರ. ಅವನು ‘ಕಾವ್ಯಮೀಮಾಂಸೆ’ಯಲ್ಲಿ ವರ್ಣಿಸುವ ರಾಜಸಭೆಯಲ್ಲಿ ಕವಿಗಳು ಒಂಟಿಯಾಗಿ ಕೂರುವುದಿಲ್ಲ, ಪ್ರಾಕೃತ ಕವಿಗಳ ಬಳಿಯಲ್ಲಿ ನಟರು, ನರ್ತಕರು, ಗಾಯಕರು, ಅಪಭ್ರಂಶ ಕವಿಗಳ ಬಳಿಯಲ್ಲಿ ಚಿತ್ರಕಾರರು, ಅಕ್ಕಸಾಲಿಗರು, ಬಡಗಿಗಳು, ಕಮ್ಮಾರರು ಇರುತ್ತಾರೆ. ಕವಿಯ ಹಗಲನ್ನು ಅವನು ನಾಲ್ಕು ಯಾಮಗಳಾಗಿ ಭಾಗಿಸಿ, ಮೊದಲನೆಯದನ್ನು ಓದಿಗೆ, ಎರಡನೆಯದನ್ನು ರಚನೆಗೆ, ಊಟದ ನಂತರದ್ದನ್ನು ಗೋಷ್ಠಿಗೆ, ಕಡೆಯದನ್ನು ಬೆಳಗ್ಗೆ ಬರೆದದ್ದರ ಪರೀಕ್ಷೆಗೆ ಮೀಸಲಿಡುತ್ತಾನೆ. ರಸಾವೇಶದಲ್ಲಿ ಬರೆಯುವವನಿಗೆ ವಿವೇಚನೆ ಇರುವುದಿಲ್ಲವಾದ್ದರಿಂದ ಈ ಪರೀಕ್ಷೆಯಲ್ಲಿ ಕೆಲವೇ ಆಪ್ತರು ಜೊತೆಗಿರಬಹುದು. ಇದರ ಹಿಂದೆ ಅವನ ಪ್ರಸಿದ್ಧ ವಿಂಗಡಣೆಯಿದೆ: ರಚಿಸುವ ಶಕ್ತಿ ಕಾರಯಿತ್ರೀ ಪ್ರತಿಭೆ, ರಚನೆಯನ್ನು ಒಳಗೊಂಡು ಬೆಲೆಗಟ್ಟುವ ಶಕ್ತಿ ಭಾವಯಿತ್ರೀ ಪ್ರತಿಭೆ. ಸ್ಫೂರ್ತಿ ಬತ್ತಿತೆಂದು ಕೊರಗುವವರಲ್ಲಿ ಬತ್ತಿರುವುದು ಅನೇಕ ವೇಳೆ ಈ ಎರಡನೆಯದು. ನೋಡುವ ಕಣ್ಣು ಮಂಕಾದ ಮೇಲೆ ಎಷ್ಟು ಚಿತ್ರಶಾಲೆಗಳನ್ನು ಸುತ್ತಿದರೂ ಫಲವಿಲ್ಲ. ಎರಡೂ ಒಬ್ಬನಲ್ಲೇ ಇರುತ್ತವೆಯೆಂಬ ಆಚಾರ್ಯರ ಮತವನ್ನು ಉಲ್ಲೇಖಿಸಿದ ರಾಜಶೇಖರನು, ಅವು ಬೇರೆಬೇರೆಯೆಂಬ ಮತವನ್ನು ಕಾಳಿದಾಸನ ಹೆಸರಿನಲ್ಲಿ ಮುಂದಿಡುತ್ತಾನೆ. ಈ ಎರಡನೆಯ ಮತವನ್ನು ಒಪ್ಪಿದರೆ ಒಡನಾಡಿಯು ಕಲಾವಿದನಿಗೆ ಅನಿವಾರ್ಯನಾಗುತ್ತಾನೆ. ಆದರೆ ಎಲ್ಲ ಒಡನಾಡಿಗಳೂ ಸಲ್ಲುವುದಿಲ್ಲ. ಯಾವುದೂ ರುಚಿಸದವರು, ಹುಲ್ಲನ್ನೂ ಸೇರಿಸಿ ನುಂಗುವಂತೆ ಎಲ್ಲವನ್ನೂ ಮೆಚ್ಚುವವರು, ಮತ್ಸರದಿಂದ ಬಾಯಿ ಬಿಡದವರು, ಕೃತಿಯ ತಿರುಳಿನಲ್ಲೇ ಮನಸ್ಸಿಟ್ಟವರು ಎಂದು ಭಾವಕರಲ್ಲಿ ನಾಲ್ಕು ಬಗೆಗಳನ್ನು ಹೇಳುವ ರಾಜಶೇಖರನು, ಕೊನೆಯ ಬಗೆಯವನು ಸಾವಿರದಲ್ಲಿ ಒಬ್ಬ ಸಿಕ್ಕರೆ ಸಿಕ್ಕಾನು ಎನ್ನುತ್ತಾನೆ.