ಇಲ್ಲದ ಬಾಲ

ಜೀವಕೋಶದ ಪೊರೆ ಎಂದರೆ ಜಿಡ್ಡಿನದೊಂದು ತೆಳುಗೋಡೆ. ಜಿಡ್ಡಿನ ಭಾಗದ ದಪ್ಪ ಸುಮಾರು 3 ನ್ಯಾನೋಮೀಟರು. ಸುರುಳಿ ಸುತ್ತಿಕೊಂಡ 20 ಅಮೈನೋ ಆಮ್ಲಗಳಿದ್ದರೆ ಪ್ರೋಟೀನು ಅದನ್ನು ದಾಟಿಬಿಡುತ್ತದೆ. ಆದರೆ ಆ ಇಪ್ಪತ್ತರಲ್ಲಿ ಬಹುಪಾಲು ನೀರನ್ನು ಕಂಡರಾಗದಂಥವಾಗಿರಬೇಕು. 1982ರಲ್ಲಿ ಕೈಟ್ ಮತ್ತು ಡೂಲಿಟಲ್ ಎಂಬಿಬ್ಬರು ಒಂದೊಂದು ಅಮೈನೋ ಆಮ್ಲಕ್ಕೂ ಅಂಕ ಕೊಟ್ಟರು. ಐಸೋಲ್ಯೂಸಿನ್‌ಗೆ ಧನ 4.5, ಆರ್ಜಿನಿನ್‌ಗೆ ಋಣ 4.5. ಹತ್ತೊಂಬತ್ತು ಹತ್ತೊಂಬತ್ತರ ಸರಾಸರಿ ತೆಗೆಯುತ್ತ ಸಾಲಿನುದ್ದಕ್ಕೂ ಹೋದರೆ, ಎಲ್ಲಿ ಗುಡ್ಡ ಏಳುತ್ತದೋ ಅಲ್ಲಿ ಪೊರೆ. ಈ ಲೆಕ್ಕವನ್ನು ಗ್ರಾಫ್ ಹಾಳೆಯ ಮೇಲೆ ಕೈಯಲ್ಲೇ ಮಾಡಿದವನು ನಾನು. ಅದಕ್ಕೇ ಇರಬೇಕು, ಕಂಪ್ಯೂಟರು ಅದನ್ನೇ ಕ್ಷಣದಲ್ಲಿ ಮಾಡಿ ತೋರಿಸಿದಾಗ ಅದರ ಮಾತು ನನ್ನದೇ ಮಾತು ಎನ್ನಿಸಿಬಿಟ್ಟಿತು.

ನನ್ನ ಕೈಕೆಳಗೆ ಒಬ್ಬ ಹುಡುಗಿ ಸಂಶೋಧನೆ ಮಾಡುತ್ತಿದ್ದಳು. ಅವಳ ಪಾಲಿಗೆ ಬಂದ ಪ್ರೋಟೀನಿನ ಬಾಲದಲ್ಲಿ ಕಂಪ್ಯೂಟರು ಗುಡ್ಡ ತೋರಿಸಿತ್ತು. ಪೊರೆಯನ್ನು ತೂರಿ ನಿಂತಿದೆ ಎಂದು ಅರ್ಥ. ಅವಳು ಕೊಬ್ಬಿನ ಕೊಂಡಿಯನ್ನು ಕತ್ತರಿಸುವ ಕಿಣ್ವ ಹಾಕಿ ನೋಡಿದಳು. ಪ್ರೋಟೀನು ಕಳಚಿಕೊಂಡು ದ್ರಾವಣಕ್ಕೆ ಬಂತು. ತೂರಿ ನಿಂತದ್ದಾದರೆ ಹಾಗೆ ಬರುವಂತಿಲ್ಲ.

"ಕೋಶ ಒಡೆದಿರಬೇಕಮ್ಮ, ಮತ್ತೊಮ್ಮೆ ಮಾಡು" ಎಂದೆ. ಮಾಡಿದಳು. ಮೂರನೆಯ ಸಲವೂ ಅದೇ.

"ಪ್ರೋಗ್ರಾಮು ಹಾಗೆ ಹೇಳುತ್ತಿಲ್ಲವಲ್ಲ?"

"ಪ್ರೋಗ್ರಾಮು ಪ್ರೋಟೀನನ್ನು ನೋಡಿಲ್ಲ ಸರ್."

ಉದ್ಧಟತನ ಅನ್ನಿಸಿತು. ಆ ಅಧ್ಯಾಯವನ್ನು ಪ್ರಬಂಧದಿಂದ ತೆಗೆಸಿದೆ.

ಮನುಷ್ಯರಲ್ಲಿ ನೂರೈವತ್ತರಷ್ಟು ಪ್ರೋಟೀನುಗಳು ಪೊರೆಯನ್ನು ತೂರುವುದಿಲ್ಲ. ಜಿಪಿಐ ಎಂಬ ಕೊಬ್ಬಿನ ಕೊಂಡಿಯಿಂದ ಲಂಗರು ಹಾಕಿಕೊಂಡಿರುತ್ತವೆ. ಹುಟ್ಟುವಾಗ ಅವಕ್ಕೂ ಜಿಡ್ಡಿನ ಬಾಲವಿರುತ್ತದೆ. ಕೋಶ ಅದನ್ನು ಕತ್ತರಿಸಿ, ಆ ಜಾಗಕ್ಕೆ ಕೊಂಡಿಯನ್ನು ಬೆಸೆಯುತ್ತದೆ. ಪ್ರೋಗ್ರಾಮು ಓದುವುದು ಜೀನಿನಲ್ಲಿ ಬರೆದ ಸಾಲನ್ನು. ಅಲ್ಲಿ ಬಾಲವಿದೆ, ಪ್ರೋಟೀನಿನಲ್ಲಿ ಇಲ್ಲ. ಇದು ನನಗೆ ತಿಳಿಯದ್ದೇನಲ್ಲ. ಈ ಕೊಂಡಿ ಕಟ್ಟಲಾರದ ರಕ್ತಕಣಗಳು ಒಡೆದುಹೋಗುವ ಕಾಯಿಲೆಯ ಬಗ್ಗೆ ತರಗತಿಯಲ್ಲಿ ಪಾಠವನ್ನೇ ಮಾಡಿದ್ದೆ!

ಲೆಕ್ಕವೆಂದ ಮೇಲೆ ತಪ್ಪು ಇದ್ದದ್ದೇ, ಬಿಡಿ ಎಂದು ಗೆಳೆಯರೊಬ್ಬರು ಸಮಾಧಾನ ಹೇಳಿದರು. ನಿಜ, ಮನುಷ್ಯನ ಸುಮಾರು 20,000 ಜೀನುಗಳ ಪ್ರೋಟೀನುಗಳನ್ನೆಲ್ಲ ಕೊಳವೆಯಲ್ಲಿ ಹಾಕಿ ಪರೀಕ್ಷಿಸುವವರಾರು? ಯಾರೂ ನೋಡದ ಕಡೆ ಊಹೆ ಬೇಕೇ ಬೇಕು. ಆದರೆ ಇಲ್ಲಿ ಒಬ್ಬಳು ನೋಡಿದ್ದಳು. ಪ್ರೋಗ್ರಾಮು ಕೊಟ್ಟದ್ದು ಒಂದು ಅಂಕ ಮಾತ್ರ. ಅದನ್ನು ತೀರ್ಪು ಮಾಡಿದವನು ನಾನು.

ವರ್ಷಗಳ ಮೇಲೆ, ಜಿಪಿಐ ಕೊಂಡಿಯನ್ನೇ ಹುಡುಕುವ ಪ್ರೋಗ್ರಾಮಿಗೆ ಅದೇ ಸಾಲನ್ನು ಕೊಟ್ಟೆ. ಅವಳು ಹೇಳಿದ್ದನ್ನೇ ಹೇಳಿತು. ತಕ್ಷಣ ನಂಬಿದೆ. ನಾಚಿಕೆಯಾದದ್ದು ಆಗ. ಮೂರು ಸಲ ಕೈಯಾರೆ ಮಾಡಿ ತೋರಿಸಿದವಳನ್ನು ನಂಬಲು ನನಗೆ ಇನ್ನೊಂದು ಯಂತ್ರದ ಸಾಕ್ಷಿ ಬೇಕಾಯಿತೆ?

ಅವಳಿಗೆ ಕಾಗದ ಬರೆಯಲು ಕೂತೆ. "ಹೊಸ ಪ್ರೋಗ್ರಾಮಿನ ಪ್ರಕಾರ ನೀನು ಹೇಳಿದ್ದು ಸರಿ" ಎಂದು ಬರೆದು, ಹೊಡೆದುಹಾಕಿ, "ನೀನು ಹೇಳಿದ್ದು ಸರಿ" ಎಂದಷ್ಟೇ ಬರೆದೆ. ಅವಳ ಪ್ರಯೋಗದ ಪುಸ್ತಕ ನನ್ನ ಕಪಾಟಿನಲ್ಲೇ ಉಳಿದಿತ್ತು. ಅದನ್ನೂ ಜೊತೆಗಿಟ್ಟು ಕಳಿಸಿದೆ.